ನಡುವಿನ ಸೀಸೆ

ಕ್ಲೌಸ್ಟಾಲ್, ಹಾರ್ಟ್ಸ್ ಬೆಟ್ಟ.
ಗಣಿಶಾಲೆಯ ಎರಡನೆಯ ಮಹಡಿ, ಉತ್ತರದ ಕಿಟಕಿ.
ನನ್ನ ಅಕ್ಷರ ದುಂಡಗಿದೆಯೆಂದು ಕೆಲಸ ಕೊಟ್ಟರು:
ಸೀಸೆಗಳಿಗೆ ಚೀಟಿ ಅಂಟಿಸುವುದು, ದೂಳು ಒರೆಸುವುದು,
ಕೆಲವನ್ನು ಒರೆಸುವಾಗ ಉಸಿರು ಬಿಗಿಹಿಡಿಯುವುದು.

ಡಾಕ್ಟರ್ ಬೆನೆಕೆ ಬರುವ ಮೊದಲು
ಕಪಾಟಿಗೆ ನನ್ನದೇ ಒಂದು ಓರಣವಿತ್ತು.
ಕೆಳಗಿನ ಹಲಗೆಗೆ ಬಿರಡೆ ತಿನ್ನುವವು.
ಅದರ ಮೇಲೆ ನೀರು ಕಂಡರೆ ಸಿಡಿಯುವವು,
ಎಣ್ಣೆಯಲ್ಲಿ ಮುಳುಗಿಸಿಟ್ಟರೆ ಮಾತ್ರ ಸುಮ್ಮನಿರುತ್ತವೆ.
ಕಣ್ಣೆತ್ತರದಲ್ಲಿ ಸಾಧುಗಳು: ತಾಮ್ರ, ತವರ, ಗಂಧಕ.
ಎಲ್ಲಕ್ಕೂ ಮೇಲೆ, ಏಣಿ ಹಾಕಿದರಷ್ಟೇ ಸಿಗುವ ಹಾಗೆ,
ಪಾಷಾಣ. ಬೂದುಬಣ್ಣ. ಅಂಗೈಯಷ್ಟು ಸೀಸೆ.
ನನ್ನ ಯೊಬ್ಸ್ಟ್ ಹನ್ನೊಂದು ವರ್ಷ
ಕುಲುಮೆಯ ಬಾಯಲ್ಲಿ ಅದನ್ನೇ ಉಸಿರಾಡಿದ.

ಡಾಕ್ಟರ್ ನಕ್ಕರು. "ಡೋರೆಟ್ಟೆ, ಇದು ಅಡುಗೆಮನೆಯ ಲೆಕ್ಕ.
ತೂಕ ನೋಡು, ತೂಕ."
ಮೇಜಿನ ಮೇಲೆ ಮೂರು ಸೀಸೆ ಇಟ್ಟರು.
ಲಿಥಿಯಂ ಏಳು. ಪೊಟ್ಯಾಸಿಯಂ ಮೂವತ್ತೊಂಬತ್ತು.
ಕೂಡು. ನಲವತ್ತಾರು. ಅರ್ಧ ಮಾಡು.
ಏಪ್ರನ್ನಿನ ಮರೆಯಲ್ಲಿ ಬೆರಳೆಣಿಸಿದೆ: ಇಪ್ಪತ್ಮೂರು.
ನಡುವೆ ನಿಂತ ಸೋಡಿಯಂ,
ಅದರ ತೂಕವೂ ಇಪ್ಪತ್ಮೂರು.

ಕತ್ತಿನ ಹಿಂದೆ ತಣ್ಣಗೆ ಏನೋ ಹರಿಯಿತು.
ನನಗಿಂತ ಮೊದಲೇ ಯಾರೋ
ಈ ಕಪಾಟನ್ನು ಜೋಡಿಸಿ ಹೋಗಿದ್ದಾರೆ, ಚೀಟಿ ಬರೆಯದೆ.

ಚಳಿಗಾಲವಿಡೀ ಮೂರು, ಮೂರು, ಮೂರು.
ಕ್ಲೋರಿನ್, ಬ್ರೋಮಿನ್, ಅಯೋಡಿನ್:
ಹಸಿರು ಹೊಗೆ, ಕೆಂಪು ಹೊಗೆ, ನೇರಳೆ ಹೊಗೆ.
ಒಂದೆಡೆ ಒಂದು ಹೆಚ್ಚು, ಇನ್ನೊಂದೆಡೆ ಅರ್ಧ ಕಡಿಮೆ.
ತಕ್ಕಡಿಯನ್ನು ಬೈದರು,
ತಕ್ಕಡಿ ಮಾಡಿದ ಗೋಟಿಂಗೆನ್ನಿನವನನ್ನೂ ಬೈದರು.
ಮೂರಕ್ಕೆ ಒಗ್ಗದವು ಮರದ ಪೆಟ್ಟಿಗೆಗೆ.
ಪೆಟ್ಟಿಗೆ ತುಂಬಿತು, ಇನ್ನೊಂದು ತಂದೆ.
ಈಸ್ಟರ್ ಹೊತ್ತಿಗೆ
ಕಪಾಟಿನಲ್ಲಿ ಹನ್ನೆರಡು, ಪೆಟ್ಟಿಗೆಗಳಲ್ಲಿ ನಲವತ್ತು.

ಫ್ಲೋರ್‌ಸ್ಪಾರ್ ಹರಳು ಹಿಡಿದು ಕೇಳಿದೆ:
ಇದರೊಳಗಿನದನ್ನು ಇನ್ನೂ ಯಾರೂ ಹಿಡಿದಿಲ್ಲ, ಸರಿ,
ಆದರೆ ಗಾಜು ತಿನ್ನುವ ಅದರ ಚಾಳಿ ನೋಡಿದರೆ
ಕ್ಲೋರಿನ್ನಿನ ಮನೆಯದೇ ಅಲ್ಲವೇ, ನಾಲ್ಕನೆಯದು?
"ಮೂರು ದೇವರು ಮೆಚ್ಚಿದ ಸಂಖ್ಯೆ" ಅಂದರು.
ನಾಲ್ಕು ನನ್ನ ಅಮ್ಮ ಹೆತ್ತ ಸಂಖ್ಯೆ, ಅಂದೆ.
ಚರ್ಚಿನ ನಮ್ಮ ಬೆಂಚು ಮೂವರನ್ನೇ ಹಿಡಿಯುತ್ತಿತ್ತು;
ನಾನು ಕಂಬಕ್ಕೊರಗಿ ನಿಂತೇ ಪ್ರಾರ್ಥನೆ ಕಲಿತವಳು.
ಎರಡು ದಿನ ಅವರು ಮಾತಾಡಲಿಲ್ಲ.

ಮೂರನೆಯ ದಿನ ಬಂದವರೇ:
"ರಂಜಕ ಮೂವತ್ತೊಂದು. ಆಂಟಿಮನಿ ನೂರಿಪ್ಪತ್ತು.
ಅರ್ಧ ಹೇಳು."
ಎಪ್ಪತ್ತೈದೂವರೆ.
"ಹತ್ತು ಏಣಿ."

ಹತ್ತಿದೆ. ಆರು ಮೆಟ್ಟಿಲು.
ಕೈ ನಡುಗಲಿಲ್ಲ, ಅದೇ ನನಗೆ ಸೋಜಿಗ.
ಎಪ್ಪತ್ತೈದು, ಅಂದರು, ಮಗುವಿನ ಹಾಗೆ ಮೇಜು ತಟ್ಟಿದರು.
ಕೊಂದದ್ದಕ್ಕೂ ಅಕ್ಕಪಕ್ಕದ ಮನೆಯಿತ್ತು.
ಒಂದು ಕಡೆ ಬೆಂಕಿಕಡ್ಡಿಯ ತಲೆ,
ಇನ್ನೊಂದು ಕಡೆ ಅಚ್ಚಿನ ಮೊಳೆಗೆ ಬೆರೆಸುವ ಲೋಹ,
ನಡುವೆ ಅದು, ತನ್ನ ಜಾಗದಲ್ಲಿ, ಯಾರ ಮೇಲೂ ಸಿಟ್ಟಿಲ್ಲದೆ.
ಅವರು ಸಂತೋಷದಲ್ಲಿದ್ದರು. ನಾನು ಕೆಳಗಿಳಿದು
ಒಲೆಗೆ ಎರಡು ಕಟ್ಟಿಗೆ ಹಾಕಿದೆ.

ಅವರ ಬರಹಕ್ಕೆ ಹನೋಫರಿನಿಂದ ಒಂದೇ ಸಾಲಿನ ಉತ್ತರ ಬಂತು:
ಪಗಡೆಯಾಟಕ್ಕೆ ಇಲ್ಲಿ ಪುಟಗಳಿಲ್ಲ.
ಮರುವರ್ಷ ಅವರು ಹೋದರು. ಹೊಸಬರು ಬಂದರು,
ಅಕಾರಾದಿಯಾಗಿ ಜೋಡಿಸು ಅಂದರು.
ಎರಡೂ ಪೆಟ್ಟಿಗೆ ಖಾಲಿಯಾದವು; ಎಲ್ಲರಿಗೂ ಜಾಗ ಸಿಕ್ಕಿತು,
ಯಾರಿಗೂ ಯಾರೂ ಏನೂ ಅಲ್ಲ.
ಪಾಷಾಣಕ್ಕೆ ನಮ್ಮಲ್ಲಿ ಆರ್ಸೆನ್ ಎಂದು ಹೆಸರು,
ಹಾಗಾಗಿ ಮೊದಲ ಸಾಲು, ಕಣ್ಣೆತ್ತರ, ದಿನಾ ಬೆಳಿಗ್ಗೆ.
ಆಂಟಿಮನಿ ಹೇಗೂ ಪಕ್ಕದಲ್ಲೇ ಇದೆ.

ಬೀಗ ಹಾಕುವ ಮುಂಚೆ ರಂಜಕವನ್ನು ತಂದು
ಇನ್ನೊಂದು ಪಕ್ಕಕ್ಕೆ ಇಡುತ್ತೇನೆ.
ಬೆಳಿಗ್ಗೆ ಅವರು ಬರುವ ಮೊದಲು
ಮತ್ತೆ ಒಯ್ಯುತ್ತೇನೆ, ಅದರ ಅಕ್ಷರಕ್ಕೆ.